ಬಿದಿರಿನ ಕಟ್ಟೆ ಹಾಳಾಗಲ್ವಾ? ಆಗುತ್ತೆ, ಮುಂದೆ ಕೇಳಿ

ನಮ್ಮ ಮನೆ ಕೊಡಗಿನ ಚೇರಂಬಾಣೆ ಕಡೆ. ಅಡುಗೆಮನೆಯಲ್ಲಿ ಸಿಂಕ್ ಇರುವ ಬದಿಗೆ ಗ್ರಾನೈಟ್ ಇದೆ, ಉಳಿದ ಉದ್ದದ ಕಟ್ಟೆ ಬಿದಿರಿನದು. ಆರು ಮಳೆಗಾಲ ಕಂಡಿದೆ. ಬಂದವರು ಕಾಫಿ ಲೋಟ ಹಿಡಿಯುವ ಮೊದಲೇ ಅದನ್ನು ಬೆರಳಲ್ಲಿ ಕುಟ್ಟಿ ನೋಡುತ್ತಾರೆ, ಹಲಸು ಹಣ್ಣಾಗಿದೆಯಾ ಅಂತ ನೋಡುವ ಹಾಗೆ. ಆಮೇಲೆ ಅದೇ ಪ್ರಶ್ನೆ. ‘ಬಿದಿರಾ? ನಮ್ಮ ಮಳೆಗೆ ಹಾಳಾಗಲ್ವಾ?’

ಮೊದಲೆರಡು ವರ್ಷ ನಗ್ತಾ ಉತ್ತರ ಕೊಟ್ಟೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹಾಳಾಗುತ್ತೆ. ನೀರು ನಿಂತರೆ ಕಪ್ಪಾಗುತ್ತೆ. ಬಿಸಿ ಪಾತ್ರೆ ಇಟ್ಟರೆ ಕಲೆ ಬೀಳುತ್ತೆ. ಚಾಕು ಆಡಿಸಿದರೆ ಗೀರು. ಜುಲೈಯಲ್ಲಿ ನಿಮ್ಮ ಚರ್ಮದ ಚಪ್ಪಲಿ, ಬೆಲ್ಟು, ಬೀರುವಿನೊಳಗಿನ ರೇಷ್ಮೆ ಸೀರೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತೆ ಅಲ್ವಾ? ಅವನ್ನು ತರುವಾಗ ಅಂಗಡಿಯವನನ್ನು ಹೀಗೆ ಕೇಳಿದ್ರಾ? ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಆ ‘ಹಾಳಾಗಲ್ವಾ’ದೊಳಗೆ ಅಡಗಿರುವ ಸಣ್ಣ ಆಸೆಗೆ. ‘ಹೌದು, ಹಾಳಾಯ್ತು’ ಅಂದುಬಿಟ್ಟರೆ ಅವರಿಗೆ ಅವರ ಮನೆಯ ಗ್ರಾನೈಟ್ ಇನ್ನೂ ಚೆನ್ನಾಗಿ ಕಾಣುತ್ತೆ.

ಹಾಕಿಸಲೇಬೇಕು ಅನ್ನುವವರಿಗೆ ಬೇಗ ಹೇಳಿಬಿಡುತ್ತೇನೆ. ಬಿದಿರಿನ ಕಟ್ಟೆ ಅಂದರೆ ಬೊಂಬು ಸಾಲಾಗಿ ಜೋಡಿಸಿದ್ದಲ್ಲ. ಬಿದಿರನ್ನು ಪಟ್ಟಿಗಳಾಗಿ ಸೀಳಿ, ಒಣಗಿಸಿ, ಗೋಂದು ಹಾಕಿ, ಒತ್ತಿ ಮಾಡಿದ ಹಲಗೆ. ಪಟ್ಟಿ ಮಲಗಿಸಿ ಮಾಡಿದ್ದರಲ್ಲಿ ಗೆಣ್ಣುಗಳು ಚೆಂದ ಕಾಣುತ್ತವೆ. ನಿಲ್ಲಿಸಿ ಮಾಡಿದ್ದರಲ್ಲಿ ಸಣ್ಣ ಗೆರೆಗಳಷ್ಟೇ. ನಾರು ನಾರಾಗಿ ಬಿಡಿಸಿ ಒತ್ತಿದ್ದು ಎಲ್ಲಕ್ಕಿಂತ ಗಟ್ಟಿ. ಜೇನಿನ ಬಣ್ಣದ್ದು ಬೇಕು ಅನ್ನುತ್ತೀರಿ, ಗೊತ್ತು. ಆ ಬಣ್ಣ ಬರುವುದು ಹಬೆಯಲ್ಲಿ ಬೇಯಿಸಿದಾಗ ಬಿದಿರೊಳಗಿನ ಸಕ್ಕರೆ ಕಂದಿ. ಬೆಂದದ್ದು ಸ್ವಲ್ಪ ಮೆತ್ತಗಾಗುತ್ತೆ. ನಾನು ತಿಳಿ ಬಣ್ಣದ್ದೇ ತಂದೆ. ಗೋಂದಿನಲ್ಲಿ ಫಾರ್ಮಾಲ್ಡಿಹೈಡ್ ಅನ್ನುವ ವಿಷದ ರಾಸಾಯನಿಕ ಎಷ್ಟು ಅಂತ ಕೇಳಿ. ಅದು ಕಡಿಮೆ ಇದ್ದರೆ ಇ ಸೊನ್ನೆ ಅಥವಾ ಇ ಒಂದು ಅನ್ನುವ ದರ್ಜೆ ಇರುತ್ತೆ. ಅಂಗಡಿಯವನು ಕಣ್ಣು ಕಣ್ಣು ಬಿಟ್ಟರೆ ಎದ್ದು ಬನ್ನಿ.

ಕೂರಿಸುವ ದಿನ ಆಚಾರಿ ಜೊತೆ ಜಗಳವಾಯ್ತು. ಹಲಗೆಯನ್ನು ಒಂದು ವಾರ ಮನೆಯೊಳಗೇ ಇಟ್ಟು, ಇಲ್ಲಿನ ಗಾಳಿಗೆ ಹೊಂದಿಕೊಳ್ಳಲಿ ಅಂತ ಬಿಟ್ಟಿದ್ದೆ. ಆತನಿಗೆ ಅದೇ ತಮಾಷೆ. ಅಡಿಭಾಗಕ್ಕೂ ಎಣ್ಣೆ ಹಚ್ಚಬೇಕು ಅಂದಾಗ, ‘ಕೆಳಗೆ ಯಾರು ನೋಡ್ತಾರಮ್ಮ?’ ಅಂದ. ಮಳೆ ನೋಡುತ್ತೆ ಅಂದೆ. ಮೇಲೆ ಮಾತ್ರ ಎಣ್ಣೆ ಕುಡಿಸಿ ಕೆಳಗೆ ಹಾಗೇ ಬಿಟ್ಟರೆ, ಥಂಡಿ ಕೆಳಗಿನಿಂದ ಏರಿ ಹಲಗೆ ಡೊಂಕಾಗುತ್ತೆ.

ಎಣ್ಣೆ ಅಂದರೆ ತೆಂಗಿನೆಣ್ಣೆ ಅಲ್ಲ. ಅದು ಕಮಟುತ್ತೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತಂದು, ಜೇನುಮೇಣ ಕರಗಿಸಿ ಬೆರೆಸಿ ಇಟ್ಟುಕೊಂಡಿದ್ದೇನೆ. ಜೇನುಮೇಣಕ್ಕೆ ಕೊಡಗಿನಲ್ಲಿ ಬರವೇ? ತಿಂಗಳಿಗೊಮ್ಮೆ ರಾತ್ರಿ ಹಚ್ಚಿ, ಬೆಳಿಗ್ಗೆ ಒಣ ಬಟ್ಟೆಯಲ್ಲಿ ಒರೆಸುವುದು. ಮೇ ಕೊನೆಯಲ್ಲಿ ಮಾತ್ರ ಎರಡು ಕೈ ಜಾಸ್ತಿ. ಜೂನ್ ಹಿಡಿದರೆ ಆಮೇಲೆ ಯಾವುದೂ ಒಣಗಲ್ಲ, ಒರೆಸುವ ಬಟ್ಟೆಯೂ ಸೇರಿ.

ಈಗ ಆ ಕಲೆಯ ಕಥೆ. ಒಲೆಯ ಬಲಕ್ಕೆ ತಟ್ಟೆಯಷ್ಟಗಲದ ನೇರಳೆ ಬಳೆ ಇದೆಯಲ್ಲ, ಎಲ್ಲರೂ ನೋಡಿ ಗಂಟಲು ಸರಿಮಾಡಿಕೊಳ್ಳುವುದು, ಅದು.

ಆಟಿ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ. ಕೊಡವರು ಕಕ್ಕಡ ಹದಿನೆಂಟು ಅನ್ನುತ್ತಾರೆ. ಆಗಸ್ಟ್ 3ರ ಹೊತ್ತಿಗೆ ಬರುತ್ತೆ. ಅವತ್ತು ಮದ್ದು ಸೊಪ್ಪು ಅನ್ನುವ ಗಿಡದಲ್ಲಿ ಹದಿನೆಂಟು ಬಗೆಯ ಔಷಧಿ ಸೇರುತ್ತೆ ಅನ್ನುವ ನಂಬಿಕೆ. ಸೊಪ್ಪು, ಕಡ್ಡಿ ಬೇಯಿಸಿದರೆ ನೀರು ಕಡು ನೇರಳೆ. ಆ ರಸದಲ್ಲೇ ಪಾಯಸ. ಕುಡಿದ ಮೇಲೆ ಮೂತ್ರವೂ ಕೆಂಪಗಾಗುತ್ತೆ. ಅಂಥ ಬಣ್ಣ ಬಿದಿರನ್ನು ಬಿಡುತ್ತಾ?

ಮಡಿಕೇರಿಯಿಂದ ದೊಡ್ಡಮ್ಮ ಬಂದಿದ್ದರು. ಕರೆಂಟ್ ಇರಲಿಲ್ಲ. ನಾನು ಮೇಣದಬತ್ತಿ ಹುಡುಕಲು ಹೋಗಿದ್ದು ಎರಡೇ ನಿಮಿಷ. ಅಷ್ಟರಲ್ಲಿ ಕುದಿಯುವ ರಸದ ಪಾತ್ರೆಯನ್ನು ಇಳಿಸಿ ಕಟ್ಟೆ ಮೇಲೆ ಇಟ್ಟುಬಿಟ್ಟಿದ್ದರು. ಪಾತ್ರೆಯ ಬುಡಕ್ಕೆಲ್ಲ ರಸ ಸುರಿದಿತ್ತು. ನಾನು ‘ದೊಡ್ಡಮ್ಮಾ!’ ಅಂದಿದ್ದಕ್ಕೆ ಅವರು ಕೈಯೇ ಸುಟ್ಟಿತೇನೋ ಅಂತ ನೋಡಿಕೊಂಡರು. ಆಮೇಲೆ, ‘ಕಟ್ಟೆ ಇರೋದು ಪಾತ್ರೆ ಇಡೋಕಲ್ವಾ ಮಗಾ?’

ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ನಿಂಬೆಹಣ್ಣು ತಿಕ್ಕಿದೆ. ಅಡುಗೆ ಸೋಡಾ ಕಲಸಿ ಹಚ್ಚಿದೆ. ಮಳೆ ಬಿಟ್ಟ ಮೇಲೆ 220 ನಂಬರಿನ ಮರಳು ಕಾಗದದಲ್ಲಿ ನಾರಿನ ಉದ್ದಕ್ಕೆ ಉಜ್ಜಿದೆ. ಮುಕ್ಕಾಲು ಪಾಲು ಹೋಯಿತು. ಪೂರ್ತಿ ತೆಗೆಯಬೇಕಂದರೆ ಅಲ್ಲಿ ಹಳ್ಳ ಬೀಳುತ್ತೆ, ಹಾಗಾಗಿ ಬಿಟ್ಟೆ. ಆದರೆ ಒಂದು ಮಾತು. ಉಜ್ಜಿ, ಎಣ್ಣೆ ಹಚ್ಚಿ, ಕಟ್ಟೆಯನ್ನು ನಾನೇ ಸರಿ ಮಾಡಿಕೊಂಡೆ. ಗ್ರಾನೈಟ್ ಅಂಚು ಒಡೆದವರು ಒಡೆದ ಜಾಗಕ್ಕೆ ಮಿಕ್ಸಿ ಇಟ್ಟು ಮುಚ್ಚಿದ್ದನ್ನು ನೋಡಿದ್ದೇನೆ. ಯಾರ ಮನೆ ಅಂತ ಹೇಳಲ್ಲ.

ಇಷ್ಟು ಜನ ಕುಟ್ಟಿ ನೋಡಿದರಲ್ಲ, ‘ಇದು ಎಲ್ಲಿಯ ಬಿದಿರು?’ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನನಗೆ ನಿಜಕ್ಕೂ ಮುಜುಗರವಾಗುತ್ತಿತ್ತು. ಹಿತ್ತಲಲ್ಲೇ ಬಿದಿರ ಮೆಳೆ ಇದೆ. ಕಟ್ಟೆಯ ಬಿದಿರು ಮಾತ್ರ ಚೀನಾದ್ದು. ಅದರ ಹೆಸರು ಮೋಸೊ. ನಗಬೇಡಿ, ಬಿಲ್ ನೋಡಿ ನಾನೂ ನಕ್ಕಿದ್ದೆ. ನೆಟ್ಟಗೆ ಬೆಳೆದು, ಐದು ವರ್ಷಕ್ಕೆಲ್ಲ ಕಡಿಯಲು ಸಿಗುವ ಜಾತಿ. ಪಟ್ಟಿ ಸೀಳಲು ಸುಲಭ. ನಮ್ಮದು ಮುಳ್ಳಿನ ಹೆಬ್ಬಿದಿರು. ಮೆಳೆಯಿಂದ ಒಂದು ಗಳ ಎಳೆದು ತೆಗೆಯುವಷ್ಟರಲ್ಲಿ ಅಂಗಿ ಹರಿದಿರುತ್ತೆ. ತಂದಿಟ್ಟರೂ ಒಳಗಿನ ಪಿಷ್ಟಕ್ಕೆ ಕುಟ್ಟೆ ಹುಳು ಬಿದ್ದು ಹಿಟ್ಟು ಉದುರುತ್ತೆ. ಬೋರಾಕ್ಸ್ ನೀರಲ್ಲಿ ನೆನೆಸಿದರೆ ತಡೆಯುತ್ತೆ. ಅದನ್ನು ಸೀಳಿ, ಒತ್ತಿ, ಹಲಗೆ ಮಾಡಿಕೊಡುವವರು ನನಗೆ ಹತ್ತಿರದಲ್ಲಿ ಸಿಗಲಿಲ್ಲ.

ಕೇಂದ್ರದ ಕಾನೂನಿನ ನೆಪವೂ ಈಗಿಲ್ಲ. ಬಿದಿರು ಹುಲ್ಲಿನ ಜಾತಿ ಅಂತ ಶಾಲೆಯಲ್ಲೇ ಹೇಳಿಕೊಟ್ಟಿದ್ದರು. 1927ರ ಅರಣ್ಯ ಕಾಯ್ದೆಗೆ ಮಾತ್ರ ಅದು ಮರವಾಗಿತ್ತು. ಕಾಡಿನ ಹೊರಗೆ ಬೆಳೆದ ಬಿದಿರು ಮರವಲ್ಲ ಅಂತ ತಿದ್ದಿದ್ದು 2017ರಲ್ಲಿ. ತೊಂಬತ್ತು ವರ್ಷ ಬೇಕಾಯ್ತು. ಹೆಬ್ಬಿದಿರಾದರೆ ಅಷ್ಟರಲ್ಲಿ ಎರಡು ಸಲ ಹೂ ಬಿಟ್ಟು, ಅಕ್ಕಿ ಉದುರಿಸಿ, ಸತ್ತು ಹುಟ್ಟಿರುತ್ತೆ.

ಹಿತ್ತಲ ಮೆಳೆ ಹಾಗಂತ ದಂಡವಲ್ಲ. ಪ್ರತಿ ಮಳೆಗಾಲ ಕಣಿಲೆ, ಅಂದರೆ ಎಳೆ ಬಿದಿರ ಮೊಳಕೆ, ಕೊಡುತ್ತೆ. ಮೊನ್ನೆ ದೊಡ್ಡಮ್ಮ ಮತ್ತೆ ಬಂದಿದ್ದರು. ಎರಡು ಕಣಿಲೆ ಮುರಿದು ತಂದು, ಸಿಪ್ಪೆ ಸುಲಿದು, ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಬೇಕು ಅಂತ ನನಗೆ ತಾಕೀತು ಮಾಡಿ ಬಸ್ ಹತ್ತಿದರು. ಈ ಸಲ ಬಿಸಿ ಪಾತ್ರೆಯ ಅಡಿಗೆ ಮರೆಯದೆ ಮಣೆ ಇಟ್ಟಿದ್ದರು. ಹೆಚ್ಚುವ ಮಣೆ ಮಾತ್ರ ಗೋಡೆಗೆ ಒರಗಿದ್ದಲ್ಲೇ ಇತ್ತು. ಕಣಿಲೆ ಹೆಚ್ಚಿದ್ದು ನೇರ ಕಟ್ಟೆ ಮೇಲೆ.

ಫೋನ್ ಮಾಡಿ ಕೇಳಿದೆ. ‘ಬಿದಿರಿನ ಮೇಲೆ ಬಿದಿರು ತಾನೇ ಮಗಾ’ ಅಂದರು.

220 ನಂಬರಿನ ಕಾಗದ ಮುಗಿದಿದೆ. ತರಬೇಕು.