ಶುಕ್ರವಾರದ ಪಂಚರ್ ಅಂಗಡಿ

ಕಳೆದ ಸಲ ತಿಪಟೂರಿಗೆ ಬಂದಾಗ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ ದನಿ ತಗ್ಗಿಸಿ ಕೇಳಿದರು: "ಅಲ್ಲಿ ಪಂಚರ್ ಹಾಕ್ತಿದ್ದೀಯಂತೆ. ಕೆಲಸ ಹೋಯ್ತೇನಪ್ಪಾ?"

ಕೆಲಸ ಹೋಗಿಲ್ಲ. ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಸೋಮವಾರದಿಂದ ಗುರುವಾರದವರೆಗೆ ನಾನು ಸಾಫ್ಟ್‌ವೇರ್ ಟೆಸ್ಟ್ ಮಾಡುವ ನೌಕರ. ಶುಕ್ರವಾರ ಮನೆ ಹಿಂದಿನ ಶೆಡ್ಡಿನಲ್ಲಿ ಸೈಕಲ್ ರಿಪೇರಿ ಮಾಡುತ್ತೇನೆ. ಪುಕ್ಕಟೆ ಅಲ್ಲ, ದುಡ್ಡು ತಗೊಂಡೇ ಮಾಡುತ್ತೇನೆ. ರಸೀದಿ ಕೊಡುತ್ತೇನೆ, ತೆರಿಗೆ ಕಟ್ಟುತ್ತೇನೆ. ಇಷ್ಟೆಲ್ಲ ಹೇಳಿದರೂ ಅವರ ಮುಖದ ಮರುಕ ಕರಗಲಿಲ್ಲ. ಹೋಳಿಗೆ ತಣ್ಣಗಾಗುತ್ತಿತ್ತು, ಸುಮ್ಮನಾದೆ.

ನೆದರ್ಲೆಂಡ್ಸಿನಲ್ಲಿ ವಾರಕ್ಕೆ ನಾಲ್ಕೇ ದಿನ ಕೆಲಸ ಮಾಡುವವನನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ನನ್ನ ಮ್ಯಾನೇಜರ್ ಬುಧವಾರ ಸಿಗುವುದಿಲ್ಲ. ಅದು ಆತನ 'ಪಾಪಾದಾಖ್', ಅಂದರೆ ಅಪ್ಪನ ದಿನ. ಮಗಳನ್ನು ಈಜಿಗೆ ಕರೆದುಕೊಂಡು ಹೋಗುತ್ತಾನೆ. ಇದಕ್ಕೆ ಕಾನೂನಿನ ಬೆಂಬಲವೂ ಇದೆ. 2016ರ ಕಾಯ್ದೆ ಪ್ರಕಾರ, ಹತ್ತು ಅಥವಾ ಹೆಚ್ಚು ಜನರಿರುವ ಕಂಪನಿಯಲ್ಲಿ 26 ವಾರ ದುಡಿದವರು ಕೆಲಸದ ಗಂಟೆ ಕಡಿಮೆ ಮಾಡಿ ಅಂತ ಎರಡು ತಿಂಗಳು ಮೊದಲೇ ಬರೆದು ಕೇಳಬಹುದು. ಗಟ್ಟಿ ಕಾರಣ ಇಲ್ಲದೆ ಕಂಪನಿ ಆಗಲ್ಲ ಅನ್ನುವ ಹಾಗಿಲ್ಲ. ಸೈಡ್ ಕೆಲಸದ ಮಾತೂ ಹಾಗೇ. 2022ರ ಆಗಸ್ಟ್‌ನಿಂದ ಸರಿಯಾದ ಕಾರಣ ಕೊಡದೆ ಅದನ್ನು ತಡೆಯುವಂತಿಲ್ಲ.

ಹಾಗಂತ ಬಂದ ವರ್ಷವೇ ಶುರು ಮಾಡೋಕೆ ನನಗೆ ಆಗಲಿಲ್ಲ. ನಾನು ಬಂದಿದ್ದು ಪರಿಣತ ನೌಕರರ ವೀಸಾದಲ್ಲಿ. ಆ ಕಾರ್ಡಿನ ಹಿಂದೆ ಸ್ವಂತ ಉದ್ಯೋಗಕ್ಕೂ ಅನುಮತಿ ಇದೆ ಎಂದೇ ಬರೆದಿರುತ್ತದೆ. ತೊಡಕಿರುವುದು ಸಂಬಳದಲ್ಲಿ. ತಿಂಗಳ ಸಂಬಳ ಇಷ್ಟಿರಲೇಬೇಕು ಎಂಬ ಗೆರೆ ಇದೆ. 30 ದಾಟಿದವರಿಗೆ 2025ರಲ್ಲಿ ಅದು 5,688 ಯೂರೋ. ನಾಲ್ಕು ದಿನ ದುಡಿಯುತ್ತೀಯಾ ಅಂತ ಗೆರೆಯನ್ನೇನೂ ಇಳಿಸುವುದಿಲ್ಲ. ಐದನೇ ಒಂದು ಭಾಗ ಸಂಬಳ ಬಿಟ್ಟರೆ ನಾನು ಗೆರೆಯಿಂದ ಕೆಳಗೆ. ಹಾಗಾಗಿ ಐದು ವರ್ಷ ಕಾದು, ಡಚ್ ಪರೀಕ್ಷೆ ಬರೆದು, ಕಾಯಂ ವಾಸದ ಕಾರ್ಡು ಕೈಗೆ ಬಂದ ಮೇಲೆ ಶುಕ್ರವಾರದ ಬಿಡುವು ಕೇಳಿದೆ. ನ್ಯೂಜೆರ್ಸಿಯ ಗೆಳೆಯನಿಗೆ ನನ್ನ ಈ ಗೋಳು ಕೇಳಿದರೆ ನಗು. ಚೆನ್ನಾಗಿ ಮೃದಂಗ ನುಡಿಸುತ್ತಾನೆ, ಕಲಿಯಲು ಮಕ್ಕಳೂ ಸಿದ್ಧ. ಆದರೆ ಅವನಿರುವುದು ಎಚ್‌ಒನ್‌ಬಿ ವೀಸಾದಲ್ಲಿ. ಕಂಪನಿ ಸಂಬಳ ಬಿಟ್ಟು ಫೀಸು ಅಂತ ಒಂದು ಡಾಲರ್ ಮುಟ್ಟುವಂತಿಲ್ಲ.

ನೋಂದಣಿ ಮಾತ್ರ ಸಲೀಸು. ಇಲ್ಲಿ ವಾಣಿಜ್ಯ ಮಂಡಳಿಯನ್ನು ಎಲ್ಲರೂ 'ಕಾವೇಕಾ' ಅನ್ನುತ್ತಾರೆ. ಎಂಬತ್ತು ಯೂರೋ ಆಸುಪಾಸು ಕಟ್ಟಿ, ಎದುರು ಕೂತು ನಾಲ್ಕು ಪ್ರಶ್ನೆಗೆ ಉತ್ತರಿಸಿದೆ. ಹೊರಗೆ ಬರುವಾಗ ನನಗೊಂದು ನಂಬರ್ ಇತ್ತು. ವರ್ಷದ ವಹಿವಾಟು 20,000 ಯೂರೋ ಒಳಗಿದ್ದರೆ ಗಿರಾಕಿಯಿಂದ ಮಾರಾಟ ತೆರಿಗೆ ವಸೂಲಿ ಮಾಡದೇ ಇರುವ ಸಣ್ಣವರ ಸ್ಕೀಮ್ ಇದೆ, ಅದಕ್ಕೆ ಸೇರಿದೆ. ಸ್ವಂತ ಉದ್ಯೋಗಿಗಳಿಗೆ ತೆರಿಗೆ ವಿನಾಯಿತಿಯೊಂದಿದೆ. ಅದು ಸಿಗಬೇಕಾದರೆ ವರ್ಷಕ್ಕೆ 1,225 ಗಂಟೆ ಕೆಲಸ ತೋರಿಸಬೇಕು. ನನ್ನ ಶುಕ್ರವಾರಗಳನ್ನೆಲ್ಲ ಕೂಡಿಸಿದರೂ 416 ಗಂಟೆ! ಅದರ ಆಸೆ ಅಲ್ಲೇ ಬಿಟ್ಟೆ. ಸೈಕಲ್ಲಿನ ಸಂಪಾದನೆ ಸಂಬಳದ ಮೇಲೆ ಹೋಗಿ ಕೂರುವುದರಿಂದ ಹತ್ತಿರ ಹತ್ತಿರ ಅರ್ಧ ಸರ್ಕಾರಕ್ಕೇ ಹೋಗುತ್ತದೆ. ಪಂಚರ್‌ಗೆ 12 ಯೂರೋ ತಗೊಂಡರೆ ನನಗೆ ಉಳಿಯೋದು ಆರೋ ಏಳೋ. ಕಳೆದುಕೊಂಡ ಶುಕ್ರವಾರದ ಸಂಬಳಕ್ಕೆ ಇದು ಯಾವ ಮೂಲೆಗೂ ಸಾಲದು. ಮೇ ತಿಂಗಳಲ್ಲಿ ಬರುವ ರಜೆ ಭತ್ಯೆ, ಪಿಂಚಣಿ ಎಲ್ಲವೂ ಅದೇ ಅಳತೆಯಲ್ಲಿ ಕಮ್ಮಿ. ಲಾಭ ನೋಡಿ ಈ ಕೆಲಸಕ್ಕೆ ಇಳಿಯುವವರು ದಯವಿಟ್ಟು ಇಳಿಯಬೇಡಿ.

ಹಾಗಾದರೆ ಯಾಕೆ? ಒಂದು ಸೈಕಲ್ ಕತೆ ಹೇಳುತ್ತೇನೆ.

ಎಂಬತ್ತರ ಅಂಚಿನ ಅಜ್ಜಿಯೊಬ್ಬರು ಹಳೇ ಕಪ್ಪು ಗಝೆಲ್ ಸೈಕಲ್ ತಳ್ಳಿಕೊಂಡು ಬಂದರು. ಎರಡನೇ ಗೇರು ಬೀಳುತ್ತಿಲ್ಲ, ಪೆಡಲ್ ಗಾಳಿಯಲ್ಲಿ ತಿರುಗುತ್ತೆ. ಅಂಗಡಿಯವರು ಹೊಸ ಚಕ್ರ ಹಾಕಿಸಿ ಅಂದರಂತೆ. ಹಿಂದಿನ ಚಕ್ರದ ನಡುವಿನ ಗುಬ್ಬಿಯನ್ನು (ಹಬ್, ಗೇರು ಇರುವುದು ಇದರೊಳಗೇ) ಬಟ್ಟೆಯಲ್ಲಿ ಒರೆಸಿದೆ. ಎಣ್ಣೆ ಜಿಡ್ಡಿನ ಕೆಳಗೆ ಸ್ಟರ್ಮಿ ಆರ್ಚರ್ ಅಂತ ಅಕ್ಷರ, ಪಕ್ಕದಲ್ಲಿ 68. ಈ ಇಂಗ್ಲಿಷ್ ಗುಬ್ಬಿಗಳ ಮೇಲೆ ತಯಾರಾದ ವರ್ಷ ಒತ್ತಿರುತ್ತಾರೆ. ಅಂದರೆ ನನಗಿಂತ ದೊಡ್ಡದು. ಗುಬ್ಬಿಯ ಸಣ್ಣ ತೂತಿಗೆ ನಾಲ್ಕು ಹನಿ ಎಣ್ಣೆ ಬಿಟ್ಟೆ. ಆಕ್ಸಲ್‌ನಿಂದ ಹೊರಬರುವ ಪುಟಾಣಿ ಸರಪಳಿಗೆ ಕೇಬಲ್ ಸೇರುವ ಕಡೆಯ ತಿರುಪನ್ನು ಅರ್ಧ ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸಿದೆ. ಎರಡನೇ ಗೇರಿನಲ್ಲಿ ಒಳಗಿನ ಕಡ್ಡಿಯ ತುದಿ ಆಕ್ಸಲ್ ತುದಿಗೆ ಸಮ ಬಂದು ನಿಲ್ಲಬೇಕು, ಅಷ್ಟೇ. ಚಕ್ರ ತಿರುಗಿಸಿದರೆ ಟಿಕ್ ಟಿಕ್ ಟಿಕ್. ಅಜ್ಜಿ ಕಿವಿ ಹತ್ತಿರ ತಂದು ಕೇಳಿಸಿಕೊಂಡರು. ಆಫೀಸಿನಲ್ಲಿ ಮೂರು ತಿಂಗಳು ಟೆಸ್ಟ್ ಮಾಡಿದ ಸಾಫ್ಟ್‌ವೇರ್ ಸರಿಯಾಯ್ತೋ ಇಲ್ಲವೋ ಅಂತ ಗೊತ್ತಾಗಲು ಇನ್ನೂ ಮೂರು ಮೀಟಿಂಗ್ ಬೇಕು. ಇದು ಕಿವಿಗೇ ಕೇಳಿಸಿತು.

ಈ ಕೆಲಸ ಕಲಿತದ್ದು ಸೋದರಮಾವನ ಅಂಗಡಿಯಲ್ಲಿ. ಆಗ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಕಾಲ. ಕಬ್ಬಿಣದ ಬಾಣಲೆಯ ನೀರಿನಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕುವುದು, ಉಪ್ಪುಕಾಗದದಲ್ಲಿ ಉಜ್ಜುವುದು, ಸಲ್ಯೂಷನ್ ಒಣಗುವ ತನಕ ಕಾಯುವುದು. ಕಾಯದೆ ಪ್ಯಾಚ್ ಅಂಟಿಸಿದರೆ ತಲೆ ಮೇಲೆ ಒಂದು ಮೊಟಕು. ಎಷ್ಟೋ ವರ್ಷದ ಮೇಲೆ ಇಲ್ಲಿಗೆ ಬಂದು ನೋಡಿದರೆ ಡಚ್ ಸೈಕಲ್ಲಿನಲ್ಲೂ ನಮ್ಮೂರಿನದೇ ವಾಲ್ವ್!

ಈ ಸಲ ಊರಿಗೆ ಹೋದಾಗ ಮಾವ ಕೇಳಿದರು, "ಪಂಚರ್‌ಗೆ ಎಷ್ಟು ತಗೋತೀಯ?" 12 ಯೂರೋ ಅಂದೆ. ರೂಪಾಯಿಗೆ ಎಷ್ಟಾಯ್ತು ಅಂತ ಕೇಳಿ ತಿಳಿದುಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ವಾರಕ್ಕೆ ಒಂದೇ ದಿನ ಯಾಕೆ?"

ಒಂದು ವಸಂತದಲ್ಲಿ ಅದನ್ನೂ ಮಾಡಿ ನೋಡಿದ್ದೇನೆ. ಚಳಿ ಮುಗಿದು ಬಿಸಿಲು ಬಂದರೆ ಊರಿಗೆ ಊರೇ ಸೈಕಲ್ ಹೊರಗೆ ತೆಗೆಯುತ್ತದೆ. ಯಾರಿಗೂ ಇಲ್ಲ ಅನ್ನಲಿಲ್ಲ. ಸಂಜೆ ಆಫೀಸಿನಿಂದ ಬಂದವನೇ ಶೆಡ್ಡು, ಶನಿವಾರ ಶೆಡ್ಡು, ಭಾನುವಾರವೂ ಶೆಡ್ಡು. "ನಿಮ್ಮ ಖುಷಿಗೆ ನನ್ನ ಭಾನುವಾರ ಯಾಕೆ ಬಾಡಿಗೆಗೆ ಕೊಡಬೇಕು?" ಅಂದಳು ಹೆಂಡತಿ. ಆ ಗಡಿಬಿಡಿಯಲ್ಲೇ ತಪ್ಪಾಯಿತು. ಮಕ್ಕಳನ್ನು ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಹೋಗುವ ಬಾಕ್‌ಫೀಟ್ಸ್ ಅಂತ ಉದ್ದ ಸೈಕಲ್ ಇರುತ್ತದೆ. ಅದರ ಮುಂದಿನ ಬ್ರೇಕ್ ಕೇಬಲ್ ಹಿಡಿಯುವ ಬೋಲ್ಟನ್ನು ಕೈಬಿಗಿ ಮಾಡಿ, ಸ್ಪ್ಯಾನರ್ ಹಾಕುವಷ್ಟರಲ್ಲಿ ಇನ್ನೊಬ್ಬರು ಬಂದರು, ಮರೆತೆ. ಮರುದಿನ ಆ ತಾಯಿ ವಾಪಸ್ ಬಂದರು. ಸಿಗ್ನಲ್ ಹತ್ತಿರ ಬ್ರೇಕ್ ಸಡಿಲವಾಯಿತಂತೆ. ಹಿಂದಿನದು ಹಿಡಿಯಿತು, ಏನೂ ಆಗಲಿಲ್ಲ. ಒಳಗೆ ಎರಡು ಮಕ್ಕಳಿದ್ದವು. ಅವರು ಬೈಯಲೂ ಇಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ನನ್ನ ವಿಮೆ ಕಾಗದ ಓದಿದೆ: ಮನೆಯವರ ತಪ್ಪಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಇರುವ ಪಾಲಿಸಿ ದುಡ್ಡಿಗೆ ಮಾಡುವ ಕೆಲಸಕ್ಕೆ ಅನ್ವಯಿಸುವುದಿಲ್ಲ. ಸೋಮವಾರ ವ್ಯವಹಾರದ ವಿಮೆ ಮಾಡಿಸಿದೆ. ಶೆಡ್ಡಿನ ಬಾಗಿಲಿಗೆ ಬೋರ್ಡು ಹಾಕಿದೆ: ಶುಕ್ರವಾರ ಮಾತ್ರ, ದಿನಕ್ಕೆ 4 ಸೈಕಲ್.

ಕೆಲಸ ಬಿಟ್ಟು ಅಂಗಡಿ ಯಾಕೆ ಹಾಕಬಾರದು ಅಂತ ಇಲ್ಲಿಯವರೂ ಕೇಳುತ್ತಾರೆ. ಬಾಡಿಗೆ ಕಟ್ಟಬೇಕಾದ ಅಂಗಡಿಯಲ್ಲಿ ಅಜ್ಜಿಯ ಗಝೆಲ್‌ಗೆ ಒಂದು ಗಂಟೆ ಕೊಡೋಕೆ ಆಗುತ್ತಾ? ನಾನೂ ಹೊಸ ಚಕ್ರ ಹಾಕಿಸಿ ಅಂತಲೇ ಅನ್ನುತ್ತಿದ್ದೆ. ಆ ಅಂಗಡಿಯವರನ್ನು ದೂರುತ್ತಿಲ್ಲ, ಅವರಿಗೆ ಗುರುವಾರದ ತನಕ ಸಂಬಳ ಕೊಡುವವರು ಯಾರೂ ಇಲ್ಲವಲ್ಲ.

ಊರಿಂದ ಹೊರಡುವಾಗ ಮಾವ ಒಂದು ಸುರುಳಿ ವಾಲ್ ಟ್ಯೂಬ್, ಅಂದರೆ ವಾಲ್ವ್ ಮೇಲೆ ಏರಿಸುವ ಸಣ್ಣ ರಬ್ಬರ್ ಕೊಳವೆ, ಕಟ್ಟಿಕೊಟ್ಟಿದ್ದರು. ಚಟ್ನಿಪುಡಿ ಪೊಟ್ಟಣದ ಪಕ್ಕ ಇಟ್ಟು ತಂದೆ. ಇಲ್ಲಿ ಈಗಿನ ವಾಲ್ವ್‌ಗಳಿಗೆ ಆ ರಬ್ಬರ್ ಬೇಡ, ಹಳೆಯವಕ್ಕೆ ಬೇಕು. ಮೊನ್ನೆ ಶುಕ್ರವಾರ ನಾಲ್ಕು ಸೈಕಲ್ ಮುಗಿದ ಮೇಲೆ ಪಕ್ಕದ ಬೀದಿಯ ಹುಡುಗ ತಾತನ ಸೈಕಲ್ ತಂದ. ನೋಡಿದರೆ ರಬ್ಬರ್ ಹರಿದಿತ್ತು. ಸುರುಳಿಯಿಂದ ಒಂದಿಂಚು ಕತ್ತರಿಸಿ, ಎಂಜಲು ಹಚ್ಚಿ ಏರಿಸಿದೆ. ಗಾಳಿ ನಿಂತಿತು. ಎಷ್ಟು ಅಂದ. ಏನೂ ಬೇಡ ಹೋಗು ಅಂದೆ.

ಸಂಜೆ ಫೋನಿನಲ್ಲಿ ಮಾವನಿಗೆ ಹೇಳಿದರೆ ಬೈದರು. "ಒಂದು ರೂಪಾಯಿನಾದ್ರೂ ಇಸ್ಕೋಬೇಕಿತ್ತು ಕಣೋ. ಬೋಣಿ ಇಲ್ಲದ ಟ್ಯೂಬು ಅದು."