ಚಿಲ್ಲಿ ಒಲೆಯ ಮೇಲಿದ್ದ ಭಾನುವಾರ

ಶನಿವಾರ ರಾತ್ರಿ ಹತ್ತಕ್ಕೆ ಕಾಲು ಕಿಲೋ ರಾಜ್ಮಾ ನೀರಿಗೆ ಬಿತ್ತು. ಭಾನುವಾರದ ಚಿಲ್ಲಿ ಶುರುವಾದದ್ದು ಅಲ್ಲಿಂದಲೇ. ಚಿಲ್ಲಿ ಎಂದರೆ ಇಲ್ಲಿ ಬರೀ ಮೆಣಸಿನಕಾಯಿಯಲ್ಲ, ಮಾಂಸವನ್ನು ಒಣಮೆಣಸಿನಕಾಯಿಯ ದಪ್ಪ ರಸದಲ್ಲಿ ಬೇಯಿಸುವ ಅಮೆರಿಕದ ತಿನಿಸು. ಒಂದು ಲೀಟರ್ ನೀರು, ಒಂದು ದೊಡ್ಡ ಚಮಚ ಉಪ್ಪು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತನ್ನು ನಂಬಬೇಕಿಲ್ಲ. ನೆನೆಸುವ ನೀರಿನ ಉಪ್ಪು ಸಿಪ್ಪೆಯನ್ನು ಮೆತ್ತಗಾಗಿಸುತ್ತದೆ, ಕಾಳು ಒಡೆಯದೆ ಬೇಯುತ್ತದೆ. ಬೇಯಲು ಬಿಡದಿರುವುದು ಹುಳಿ. ಟೊಮೆಟೊ ಬಿದ್ದ ಮೇಲೆ ಅರೆಬೆಂದ ಕಾಳು ಮೂರು ಗಂಟೆ ಕುದ್ದರೂ ನಡುವೆ ಹಿಟ್ಟುಹಿಟ್ಟಾಗಿಯೇ ಉಳಿಯುತ್ತದೆ. ಡಬ್ಬಿಯ ಟೊಮೆಟೊ ತುಂಡುಗಳಿಗೆ ಆಕಾರ ಕೆಡದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುವುದುಂಟು, ಅದು ಕಾಳನ್ನೂ ಬಿಗಿಹಿಡಿಯುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಬೇಯಿಸುವ ಆಸೆ ಬೇಡ. ಕಾಳು ಬೇರೆಯಾಗಿ, ಪೂರ್ತಿ ಬೇಯಬೇಕು.

ಬೆಳಗ್ಗೆ ನೆನೆದ ನೀರು ಚೆಲ್ಲಿ, ಹೊಸ ನೀರಿಟ್ಟು, ಮೊದಲು ಕೊತಕೊತ ಕುದಿ. ಕನಿಷ್ಠ 10 ನಿಮಿಷ, ಧೈರ್ಯಕ್ಕೆ 30. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದೆ. ನಾಲ್ಕೈದು ಹಸಿ ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗಬಹುದು. ಜೋರು ಕುದಿಗೆ ಅದು ನಾಶವಾಗುತ್ತದೆ, ಬೆಚ್ಚಗಿನ ನೀರಿಗೆ ಬಗ್ಗುವುದಿಲ್ಲ. ಸ್ಲೋ ಕುಕ್ಕರ್‌ಗೆ ಹಸಿ ಕಾಳು ನೇರವಾಗಿ ಹಾಕಬಾರದು ಎನ್ನುವುದು ಇದಕ್ಕೇ. ಆಮೇಲೆ ಸಣ್ಣ ಉರಿಯಲ್ಲಿ ಒಂದು ಗಂಟೆ. ಬೆಂದಿದೆಯೇ ಎಂದು ನೋಡಲು ಒಂದೇ ಕಾಳು ಹಿಸುಕಿದರೆ ಸಾಲದು, ಬೇರೆಬೇರೆ ಕಡೆಯಿಂದ ಐದು ಎತ್ತಿಕೊಳ್ಳಿ. ಐದೂ ಬೆರಳಲ್ಲಿ ಬೆಣ್ಣೆಯಂತೆ ಒತ್ತಿಕೊಂಡರೆ ಸರಿ. ಎರಡು ಗಂಟೆಯಾದರೂ ಹದಕ್ಕೆ ಬರದಿದ್ದರೆ ಕಾಳು ಹಳೆಯದು ಅಥವಾ ನೀರು ಗಡಸು. ಒಂದು ಚಿಟಿಕೆ ಅಡುಗೆ ಸೋಡಾ ಸಹಾಯಕ್ಕೆ ಬರುತ್ತದೆ, ಜಾಸ್ತಿಯಾದರೆ ಸೋಪಿನ ರುಚಿ.

ಕಾಳು ಬೇಯುತ್ತಿರುವಾಗ ಮೆಣಸಿನಕಾಯಿಯ ಕೆಲಸ. ಒಣಗಿದ ಆಂಚೊ ನಾಲ್ಕು, ಗ್ವಾಹೀಯೊ ನಾಲ್ಕು, ಎರಡೂ ಮೆಕ್ಸಿಕೋದ ಮೆಣಸಿನಕಾಯಿಗಳು. ಆಂಚೊ ಎಂದರೆ ಒಣಗಿಸಿದ ಪೊಬ್ಲಾನೊ. ಖಾರ ಕಡಿಮೆ, ಒಣದ್ರಾಕ್ಷಿಯಂಥ ಸಿಹಿ ಘಮ. ಬಣ್ಣ, ಚುರುಕು ಗ್ವಾಹೀಯೊದ ಪಾಲು. ತೊಟ್ಟು, ಬೀಜ ತೆಗೆದು ಒಣ ಬಾಣಲೆಯಲ್ಲಿ ಒಂದೊಂದು ಮಗ್ಗುಲಿಗೆ 20 ಸೆಕೆಂಡ್ ಒತ್ತಿ ಹಿಡಿದರೆ ಸಾಕು. ಘಮ ಬಂದ ಕೂಡಲೇ ತೆಗೆಯಬೇಕು. ಕಪ್ಪಗಾದದ್ದನ್ನು ಮರುಕವಿಲ್ಲದೆ ಎಸೆಯಿರಿ, ಒಂದು ಸೀದ ಕಾಯಿಯ ಕಹಿ ಇಡೀ ಪಾತ್ರೆಗೆ ಹತ್ತುತ್ತದೆ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ರುಬ್ಬುವುದು.

ಪುಡಿಯಲ್ಲೇ ಮಾಡುವವರು ಒಂದು ಗೊಂದಲದಿಂದ ತಪ್ಪಿಸಿಕೊಳ್ಳಬೇಕು. ಅಮೆರಿಕದ ಪಾಕವಿಧಾನಗಳು ಹೇಳುವ ‘ಚಿಲ್ಲಿ ಪೌಡರ್’ ಬರೀ ಮೆಣಸಿನಕಾಯಿ ಪುಡಿಯಲ್ಲ, ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಬೆರೆತ ಸೌಮ್ಯ ಮಿಶ್ರಣ. ಅದರ ಮೂರು ದೊಡ್ಡ ಚಮಚದ ಜಾಗದಲ್ಲಿ ಅಪ್ಪಟ ಖಾರದ ಪುಡಿ ಸುರಿದರೆ ಬಾಯಿಗಿಡಲಾಗದು.

ಮಾಂಸ ಒಂದು ಕಿಲೋ, ದನದ ಭುಜದ ಭಾಗ, ಒಂದೂವರೆ ಸೆಂಟಿಮೀಟರ್ ತುಂಡುಗಳು. ಖೀಮಾ ಆದರೆ ದಪ್ಪಗೆ ಅರೆದದ್ದು, ಐದರಲ್ಲೊಂದು ಪಾಲು ಕೊಬ್ಬಿರುವುದು ಒಳ್ಳೆಯದು. ಇಡೀ ದಿನದಲ್ಲಿ ಕಣ್ಣಿಟ್ಟು ಮಾಡಬೇಕಾದ ಕೆಲಸ ಇದನ್ನು ಹುರಿಯುವುದೊಂದೇ. ತುಂಡುಗಳ ತೇವ ಒರೆಸಿ, ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಚೆನ್ನಾಗಿ ಕಾಯಿಸಿ, ಮೂರು ಕಂತಿನಲ್ಲಿ ಹಾಕಬೇಕು. ಒಟ್ಟಿಗೆ ಸುರಿದರೆ ಪಾತ್ರೆ ತಣ್ಣಗಾಗಿ ಮಾಂಸ ನೀರು ಬಿಡುತ್ತದೆ, ಆ ಬೂದು ನೀರಿನಲ್ಲೇ ಬೇಯುತ್ತದೆ. ಬೆಂದ ಮಾಂಸ ಸಿಗುತ್ತದೆ, ಹುರಿದ ರುಚಿ ಸಿಗುವುದಿಲ್ಲ. ಕಿವಿಗೊಟ್ಟರೆ ತಿಳಿಯುತ್ತದೆ: ನೀರಿರುವ ತನಕ ಗುಳುಗುಳು, ನೀರಾರಿದ ಮೇಲೆ ಚಟಪಟ. ಚಟಪಟ ಶುರುವಾದ ಮೇಲೆ ಮೂರು ನಿಮಿಷ ಸೌಟು ಆಡಿಸದೆ ಬಿಡಿ. ಸರಿಯಾಗಿ ಕೆಂಪಾದ ತುಂಡು ತಾನಾಗಿ ತಳ ಬಿಡುತ್ತದೆ, ಅಂಟಿಕೊಂಡಿದ್ದರೆ ಇನ್ನೂ ಆಗಿಲ್ಲವೆಂದೇ ಅರ್ಥ.

ಅದೇ ಕೊಬ್ಬಿನಲ್ಲಿ ಎರಡು ದೊಡ್ಡ ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಹುರಿದು ಪುಡಿ ಮಾಡಿದ ಜೀರಿಗೆ ಒಂದು ದೊಡ್ಡ ಚಮಚ, ಓರೆಗಾನೊ ಎರಡು ಚಿಕ್ಕ ಚಮಚ. ನಂತರ ರುಬ್ಬಿದ ಮೆಣಸಿನಕಾಯಿ, ಎರಡು ದೊಡ್ಡ ಚಮಚ ಟೊಮೆಟೊ ಪೇಸ್ಟ್. ಮೆಣಸಿನಕಾಯಿಯ ಬಣ್ಣವೂ ಖಾರವೂ ಕರಗುವುದು ಕೊಬ್ಬಿನಲ್ಲಿ, ಆದ್ದರಿಂದ ಅಂಚಿನಲ್ಲಿ ಕೆಂಪೆಣ್ಣೆ ಬಿಡುವವರೆಗೆ ಬಾಡಿಸಬೇಕು. ಮುಕ್ಕಾಲು ಲೀಟರ್ ನೀರು ಅಥವಾ ಮಾಂಸದ ಸಾರು ಹೊಯ್ದು, ತಳ ಹಿಡಿದ ಕಂದು ಪದರವನ್ನು ಮರದ ಸೌಟಿನಿಂದ ಕೆರೆದು ಬಿಡಿಸಿ. ರುಚಿಯೆಲ್ಲ ಅಲ್ಲೇ ಇದೆ. ಕಪ್ಪಗೆ ಸೀದದ್ದಾದರೆ ಮಾತ್ರ ಕೆರೆಯಬೇಡಿ, ಪಾತ್ರೆ ಬದಲಿಸಿ. ಈಗ 400 ಗ್ರಾಂ ಟೊಮೆಟೊ, ಮಾಂಸ. ಮುಚ್ಚಳ ಓರೆಯಾಗಿಟ್ಟು ಎರಡು ಗಂಟೆ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟೇ ಉರಿ. ಭುಜದ ಮಾಂಸವನ್ನು ಬಿಗಿಹಿಡಿದ ಕೊಲಾಜೆನ್ ಕರಗಿ ಜೆಲಟಿನ್ ಆಗುವುದಕ್ಕೆ ಹೊತ್ತು ಬೇಕು, ಜೋರಾಗಿ ಕುದಿಸಿದರೆ ತುಂಡು ಒಣಗುತ್ತದೆ. ಒಂದು ಗಂಟೆಗೆ ರುಚಿ ನೋಡಿ ಮಾಂಸ ರಬ್ಬರಿನಂತಿದೆ ಎಂದು ಗಾಬರಿಯಾಗುವವರೇ ಹೆಚ್ಚು. ಆಗ ಅದು ಹಾಗೇ ಇರಬೇಕು.

ಕಾಳು ಸೇರಿದ್ದು ಕೊನೆಯ ಅರ್ಧ ಗಂಟೆಗೆ. ಟೆಕ್ಸಾಸ್‌ನ ಕಟ್ಟಾ ಅಭಿಮಾನಿಗಳು ಇಲ್ಲಿಗೆ ಓದುವುದನ್ನೇ ನಿಲ್ಲಿಸಬಹುದು. 1977ರಲ್ಲಿ ಚಿಲ್ಲಿಯನ್ನು ರಾಜ್ಯದ ಅಧಿಕೃತ ತಿನಿಸು ಎಂದು ಸಾರಿದ ಆ ನಾಡಿನಲ್ಲಿ ಕಾಳು ಹಾಕಿದ್ದು ಚಿಲ್ಲಿಯೇ ಅಲ್ಲ ಎನ್ನುವವರಿದ್ದಾರೆ. ಅವರ ವಾದ ಅವರಿಗಿರಲಿ. ಆ ದಪ್ಪ ಕೆಂಪು ರಸವನ್ನು ಹೀರಿಕೊಂಡ ಕಾಳು ಒಮ್ಮೊಮ್ಮೆ ಮಾಂಸಕ್ಕಿಂತ ರುಚಿ.

ರಸ ತೆಳುವಾಗಿದ್ದರೆ ಎರಡು ದೊಡ್ಡ ಚಮಚ ಮಾಸಾ ಹರೀನಾ, ಅಂದರೆ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು, ತಣ್ಣೀರಿನಲ್ಲಿ ಕದಡಿ ಹಾಕಿ. ಇಲ್ಲವೇ ಒಂದು ಹಿಡಿ ಕಾಳನ್ನೇ ಹಿಸುಕಿ ಬಿಡಿ. ಕೊನೆಯ ಉಪ್ಪು ಈಗ, ರಸ ಬತ್ತುವ ಮುಂಚೆ ಹಾಕಿದರೆ ಮಿತಿ ಮೀರುತ್ತದೆ. ಒಲೆ ಆರಿಸಿ ಒಂದು ದೊಡ್ಡ ಚಮಚ ನಿಂಬೆರಸ. ಖಾರ ಹೆಚ್ಚಾಗಿದ್ದರೆ ನೀರು ಹೊಯ್ಯಬೇಡಿ, ರಸ ನೀರಾಗುತ್ತದೆ. ಇನ್ನಷ್ಟು ಬೆಂದ ಕಾಳು ಸೇರಿಸಿ, ಇಲ್ಲವೇ ಬಡಿಸುವಾಗ ಹುಳಿ ಕೆನೆ ಹಾಕಿ.

ಮಾರನೆಯ ದಿನ ಇದು ಇನ್ನೂ ಚೆನ್ನ. ಆದರೆ ದೊಡ್ಡ ಪಾತ್ರೆಯನ್ನು ಹಾಗೇ ಮುಚ್ಚಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿದ್ದು ಕೆಡುತ್ತದೆ. ಅಗಲ ಡಬ್ಬಿಗಳಲ್ಲಿ ತೆಳ್ಳಗೆ ಹರಡಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ. ಮೂರು ನಾಲ್ಕು ದಿನ ತಡೆಯುತ್ತದೆ. ಮೇಲೆ ಹೆಪ್ಪುಗಟ್ಟಿದ ಕೆಂಪು ಕೊಬ್ಬನ್ನು ಅರ್ಧ ಮಾತ್ರ ತೆಗೆಯಿರಿ. ಬಿಸಿ ಮಾಡುವಾಗ ಕಾಲು ಲೋಟ ನೀರು ಹಾಕಿ, ತಳ ಹಿಡಿಯದಂತೆ ಸೌಟು ಆಡಿಸುತ್ತಲೇ ಇರಿ.