ಟ್ರೈಸೆಂಟಿನರಿ ಹಾಲ್ ಅಂದ್ರೆ ಎಂತ ಮಾವ?

ಹೋದ ತಿಂಗಳು ನಮ್ಮ ನೆರೆಮನೆ ಬಾಯಮ್ಮನ ಮೊಮ್ಮಗಳ ಮದುವೆ ಇತ್ತು, ಕಲ್ಯಾಣಪುರದ ಮಿಲಾಗ್ರಿಸ್ ಟ್ರೈಸೆಂಟಿನರಿ ಹಾಲಲ್ಲಿ. ಕೇಕ್ ಕಟ್ ಮಾಡಿ ಟೋಸ್ಟ್ ಎಲ್ಲ ಮುಗಿದು ಊಟಕ್ಕೆ ಕ್ಯೂ ನಿಂತಾಗ ನನ್ನ ತಂಗಿ ಮಗ ಕೇಳಿದ, "ಮಾವ, ಟ್ರೈಸೆಂಟಿನರಿ ಅಂದ್ರೆ ಎಂತ?" ಮುನ್ನೂರು ವರ್ಷ ಅಂದೆ. "ಯಾವುದಕ್ಕೆ ಮುನ್ನೂರು?" ಇಗರ್ಜಿಗೆ, ಅಂದ್ರೆ ಚರ್ಚಿಗೆ ಅಂದೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ಒಬ್ಬರು, ಒಳ್ಳೆ ಮನುಷ್ಯರೇ, "ಅದು ಪೋರ್ಚುಗೀಸರದ್ದು ಮಗಾ, ಅವರು ಬಂದು ಕಟ್ಟಿ ಹೋದದ್ದು" ಅಂತ ಹೇಳಿ ತಟ್ಟೆ ತಗೊಂಡು ಮುಂದೆ ಹೋದ್ರು. ಆ ಮಾತು ನನಗೆ ಮನೆಗೆ ಬಂದ ಮೇಲೂ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ಆಯ್ತು. ನಾನು ಆ ಇಗರ್ಜಿಯ ಗಂಟೆ ಕೇಳಿ ಬೆಳೆದವನು, ಅದರ ಅಂಗಳ ದಾಟಿ ಶಾಲೆಗೆ ಹೋದವನು, ನಮ್ಮ ಮನೆಯಲ್ಲಿ ಯಾರೂ ಕ್ರಿಶ್ಚಿಯನ್ ಅಲ್ಲ, ಆದ್ರೂ ಅದು ಯಾರೋ ಬಂದು ಬಿಟ್ಟು ಹೋದ ಸಾಮಾನು ಅಂತ ಒಂದು ದಿನವೂ ನನಗೆ ಅನ್ಸಿದ್ದಿಲ್ಲ. ಅದಕ್ಕೇ ಇದನ್ನ ಬರೀಲಿಕ್ಕೆ ಕೂತದ್ದು.

ಊರು ಗೊತ್ತಿಲ್ಲದವರಿಗೆ ಮೊದಲು ದಾರಿ ಹೇಳ್ತೇನೆ. ಉಡುಪಿಯಿಂದ ಕುಂದಾಪುರದ ಕಡೆ ಹೈವೇಯಲ್ಲಿ ಹೋದ್ರೆ ಸ್ವರ್ಣಾ ನದಿಯ ಸೇತುವೆಗಿಂತ ಸ್ವಲ್ಪ ಮೊದಲು ಸಂತೆಕಟ್ಟೆ ಸಿಗ್ತದೆ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿದ್ರೆ ನಮ್ಮ ಕಲ್ಯಾಣಪುರ. ಈಗ ಹೊರಗಿನವರಿಗೆ ಗೊತ್ತಿರುವುದು ಸಂತೆಕಟ್ಟೆ ಮಾತ್ರ, ಬಸ್ಸು ಬ್ಯಾಂಕು ಬೇಕರಿ ಮೊಬೈಲ್ ಅಂಗಡಿ ಎಲ್ಲ ಅಲ್ಲೇ. ಆದ್ರೆ ಹೈವೇ ಬರುವ ಮೊದಲು ನದಿಯೇ ಇಲ್ಲಿನ ಹೈವೇ. ಸ್ವರ್ಣಾ ಇಲ್ಲಿಂದ ಕೆಳಗೆ ಕುದ್ರುಗಳನ್ನ, ಅಂದ್ರೆ ನದಿ ನಡುವಿನ ದ್ವೀಪಗಳನ್ನ ಸುತ್ತಿಕೊಂಡು ಹೋಗಿ, ಬಾರ್ಕೂರು ಕಡೆಯಿಂದ ಬರುವ ಸೀತಾ ನದಿಯ ಜೊತೆ ಸೇರಿ ಕೋಡಿ ಬೆಂಗ್ರೆ ಹತ್ರ ಸಮುದ್ರಕ್ಕೆ ಬೀಳ್ತದೆ. ಅಂದ್ರೆ ಸಮುದ್ರದಿಂದ ದೋಣಿ ಒಳಗೆ ಬರ್ಲಿಕ್ಕೆ ದಾರಿ ಉಂಟು, ಗದ್ದೆಯ ಅಕ್ಕಿ ಹೊರಗೆ ಹೋಗ್ಲಿಕ್ಕೂ ದಾರಿ ಉಂಟು. ನಮ್ಮೂರಿನ ಕಥೆ ಶುರುವಾಗುವುದೇ ಈ ಅಕ್ಕಿಯಿಂದ.

ಆರನೇ ಶತಮಾನದ ಕಾಸ್ಮಸ್ ಅನ್ನುವ ಗ್ರೀಕ್ ವ್ಯಾಪಾರಿ "ಕಲ್ಲಿಯಾನ" ಅಂತ ಒಂದು ಊರಲ್ಲಿ ಪರ್ಷಿಯಾದಿಂದ ಬಂದ ಬಿಷಪ್ ಇದ್ದಾರೆ ಅಂತ ಬರೆದಿದ್ದಾನೆ, ಅದು ನಮ್ಮ ಕಲ್ಯಾಣಪುರವೇ ಅಂತ ಇಲ್ಲಿ ಕೆಲವರು ಅಭಿಮಾನದಿಂದ ಹೇಳ್ತಾರೆ. ನನಗೂ ಹಾಗೆ ನಂಬ್ಲಿಕ್ಕೆ ಆಸೆ, ಆದ್ರೆ ಮುಂಬೈ ಹತ್ರದ ಕಲ್ಯಾಣ ಅದು ಅನ್ನುವವರ ಮಾತೇ ಹೆಚ್ಚು ಗಟ್ಟಿ ಅನ್ಸ್ತದೆ. ಅದನ್ನ ಬಿಡುವ. ನಮಗೆ ಗಟ್ಟಿಯಾಗಿ ಸಿಗುವ ವರ್ಷ 1678, ಈ ಇಗರ್ಜಿಯ ಲೆಕ್ಕ ಶುರುವಾಗುವುದು ಅಲ್ಲಿಂದ.

ಆಗ ಈ ಕರಾವಳಿ ಆಳ್ತಾ ಇದ್ದದ್ದು ಪೋರ್ಚುಗೀಸರಲ್ಲ, ಕೆಳದಿಯವರು. ಇದನ್ನೇ ನಾನು ಆ ಮದುವೆ ಮನೆಯಲ್ಲಿ ಹೇಳ್ಬೇಕಿತ್ತು. 1650ರ ದಶಕದಲ್ಲೇ ಕೆಳದಿ ಶಿವಪ್ಪ ನಾಯಕ ಮಂಗಳೂರು, ಬಸ್ರೂರು, ಹೊನ್ನಾವರದ ಕೋಟೆಗಳನ್ನ ಪೋರ್ಚುಗೀಸರ ಕೈಯಿಂದ ಕಿತ್ತುಕೊಂಡಾಗಿತ್ತು. ಆದ್ರೆ ಗೋವಾದಲ್ಲಿ ಊಟ ಆಗ್ಬೇಕಾದ್ರೆ ಕೆನರಾದ, ಅಂದ್ರೆ ಈ ಕರಾವಳಿಯ ಅಕ್ಕಿ ಬೇಕು, ಲಿಸ್ಬನ್ನಿಗೆ ಕರಿಮೆಣಸು ಬೇಕು. ಹಾಗಾಗಿ ಕೋಟೆ ಕಳಕೊಂಡವರು ವ್ಯಾಪಾರಕ್ಕೆ ಅಂತ ಕೈಮುಗಿದು ಬಂದ್ರು. ಆಗ ಸಿಂಹಾಸನದಲ್ಲಿ ಇದ್ದದ್ದು ರಾಣಿ ಚೆನ್ನಮ್ಮ, ಸೋಮಶೇಖರ ನಾಯಕನ ಹೆಂಡತಿ, ಮುಂದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನ ಎದುರು ಹಾಕಿಕೊಂಡ ಅದೇ ಚೆನ್ನಮ್ಮ. ಮಿರ್ಜಾನು, ಹೊನ್ನಾವರ, ಚಂದಾವರ, ಕಲ್ಯಾಣಪುರದಲ್ಲಿ ಇಗರ್ಜಿ ಕಟ್ಲಿಕ್ಕೆ ಪರ್ಮಿಷನ್ ಕೊಟ್ಟದ್ದು ಇವಳು. ಅಂದ್ರೆ ಮಿಲಾಗ್ರಿಸ್ ಅಂತ ಹೆಸರು ಪೋರ್ಚುಗೀಸ್ ಭಾಷೆಯದ್ದು, ಪವಾಡಗಳು ಅಂತ ಅರ್ಥ, ಪವಾಡಗಳ ಮಾತೆಯ ಇಗರ್ಜಿ ಅಂತ, ಹೆಸರು ಅವರದ್ದೇ ಹೌದು, ಆದ್ರೆ ನೆಲ ಒಬ್ಬಳು ಕನ್ನಡದ ರಾಣಿಯ ಆಡಳಿತದ್ದು, ಒಪ್ಪಿಗೆ ಅವಳದ್ದು.

ಮತ್ತೆ ಇಗರ್ಜಿಗೆ ಹೋಗುವವರು ಯಾರು? ಪೋರ್ಚುಗೀಸರು ಇಲ್ಲಿ ಎಷ್ಟು ಜನ ಇದ್ದಾರು. ಗೋವಾದ ಬಾರ್ದೇಸ್, ಸಾಷ್ಟಿ ಕಡೆಯಿಂದ ಬರಗಾಲ, ಸಾಂಕ್ರಾಮಿಕ ರೋಗ, ಇನ್‌ಕ್ವಿಸಿಷನ್ ಅನ್ನುವ ಧರ್ಮದ ವಿಚಾರಣೆಯ ಕಾಟ, ಮರಾಠರ ದಾಳಿ ಅಂತ ಒಂದಾದ ಮೇಲೊಂದು ಕಷ್ಟಕ್ಕೆ ಮನೆ ಬಿಟ್ಟು ಕೆಳಗೆ ಬಂದ ಕೊಂಕಣಿ ರೈತರು. ಕೆಳದಿಯವರಿಗೂ ಗದ್ದೆ ಮಾಡುವ ಕೈ ಬೇಕಿತ್ತು, ಇವರಿಗೆ ಗದ್ದೆ ಮಾಡಿ ಗೊತ್ತಿತ್ತು. ಪೋರ್ಚುಗೀಸರ ಊರಿಂದಲೇ ತಪ್ಪಿಸಿಕೊಂಡು ಬಂದವರ ಇಗರ್ಜಿಯನ್ನ ಪೋರ್ಚುಗೀಸರದ್ದು ಅಂತ ಹೇಳಿದ್ರೆ ಹೇಗೆ ಮಾರಾಯ್ರೆ? ಆಗಿನ ಪಾದ್ರಿಗಳ ಪಾಡೂ ಸುಲಭ ಇರಲಿಲ್ಲ. 1681ರಲ್ಲಿ ಗೋವಾದಿಂದ ಬಂದ ಜೋಸೆಫ್ ವಾಜ್ ಅನ್ನುವ ಪಾದ್ರಿ ಮೂರು ವರ್ಷ ಈ ಕೆನರಾ ಇಡೀ ಸುತ್ತಿ ಗಂಗೊಳ್ಳಿ ಬಸ್ರೂರು ಕಡೆಯೆಲ್ಲ ಶಾಲೆ ಇಗರ್ಜಿ ಅಂತ ಓಡಾಡಿದ್ರು, ಅವರನ್ನೇ 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಸಂತ ಅಂತ ಘೋಷಣೆ ಮಾಡಿದ್ದು.

ಆಮೇಲೆ 1784. ಫೆಬ್ರವರಿ ತಿಂಗಳ ಬೂದಿ ಬುಧವಾರ, ಕ್ರಿಶ್ಚಿಯನ್ನರ ಉಪವಾಸದ ಕಾಲ ಶುರುವಾಗುವ ದಿನ. ಇಂಗ್ಲಿಷರ ಜನರಲ್ ಮ್ಯಾಥ್ಯೂಸ್‌ಗೆ ಸಹಾಯ ಮಾಡಿದ್ರು ಅನ್ನುವ ಆರೋಪದ ಮೇಲೆ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರಿಶ್ಚಿಯನ್ನರನ್ನ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ್ರು. ಎಷ್ಟು ಜನ ಅನ್ನುವುದಕ್ಕೆ ಮೂವತ್ತು ಸಾವಿರದಿಂದ ಎಂಬತ್ತು ಸಾವಿರದ ತನಕ ಬೇರೆ ಬೇರೆ ಲೆಕ್ಕ ಉಂಟು. ಇಗರ್ಜಿಗಳು ನೆಲಸಮ ಆದವು, ಮೂಡುಬಿದಿರೆಯ ಹೊಸ್ಪೆಟ್ ಇಗರ್ಜಿ ಒಂದು ಚೌಟ ಅರಸರ ದಾಕ್ಷಿಣ್ಯದಿಂದ ಉಳೀತು ಅಂತ ಹೇಳ್ತಾರೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಬದುಕಿ ಉಳಿದವರು ವಾಪಸ್ ಬಂದ್ರು, ಹದಿನೈದು ವರ್ಷ ಆಗಿತ್ತು. ಈ ಭಾಗ ಬಾಯಮ್ಮ ಹೇಳುವಾಗ ಅವರ ಧ್ವನಿ ಸಣ್ಣ ಆಗ್ತದೆ, ನಿನ್ನೆ ಮೊನ್ನೆ ಆದ ಹಾಗೆ. ಆದ್ರೆ ಅವರು ಯಾರ ಮೇಲೂ ಸಿಟ್ಟು ಮಾಡಿ ಹೇಳಿದ್ದನ್ನ ನಾನು ಕೇಳಿಲ್ಲ. ಗದ್ದೆ ಬೇರೆಯವರ ಕೈಗೆ ಹೋಗಿ, ಮನೆ ಬಿದ್ದು, ಅದೇ ಊರಿಗೆ ವಾಪಸ್ ಬಂದು ಮತ್ತೆ ಶುರು ಮಾಡುವುದು ಅಂದ್ರೆ ಎಂತ ಅಂತ ಮಾತ್ರ ಕೇಳ್ತಾರೆ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಇನ್ನೊಂದು ದೊಡ್ಡ ಜಗಳ. ಇಲ್ಲಿನ ಇಗರ್ಜಿಗಳು ಗೋವಾದ ಆರ್ಚ್‌ಬಿಷಪ್ ಕೆಳಗೆ ಇರ್ಬೇಕಾ, ನೇರ ರೋಮಿನ ಕೆಳಗಾ ಅಂತ. ನಮ್ಮ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದ್ರೆ ಬ್ರಹ್ಮಾವರ, ಅಲ್ಲಿ ಈ ಜಗಳ ಇಡೀ ಬೇರೆ ದಾರಿ ಹಿಡೀತು. ಗೋವಾದ ಅಲ್ವಾರಿಸ್ ಪಾದ್ರಿ 1889ರಲ್ಲಿ ಕೊಟ್ಟಾಯಂನಲ್ಲಿ ಸಿರಿಯನ್ ಆರ್ಥೊಡಾಕ್ಸ್ ಬಿಷಪ್ ಆಗಿ ಮಾರ್ ಜೂಲಿಯಸ್ ಅಂತ ಹೆಸರಿಟ್ಟುಕೊಂಡ್ರು, ಅವರ ಜೊತೆಯ ನೊರೊನ್ಹಾ ಪಾದ್ರಿ ಬ್ರಹ್ಮಾವರದಲ್ಲಿ ನಿಂತು ಆ ಸಮುದಾಯವನ್ನ ಕಟ್ಟಿದ್ರು. ಹಾಗಾಗಿ ಇವತ್ತಿಗೂ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಸಿರಿಯನ್ ಕ್ರಿಶ್ಚಿಯನ್ನರು ಇದ್ದಾರೆ. ಅಲ್ಲಿನ ಎಸ್‌ಎಂಎಸ್ ಕಾಲೇಜಿಗೆ ಹೋದ ನನ್ನ ಎಷ್ಟೋ ಫ್ರೆಂಡ್ಸಿಗೆ ಆ ಎಸ್‌ಎಂಎಸ್ ಅಂದ್ರೆ ಸೈಂಟ್ ಮೇರೀಸ್ ಸಿರಿಯನ್ ಅಂತ ಗೊತ್ತಿದ್ರೂ ಸಿರಿಯನ್ ಯಾಕೆ ಅಂತ ಗೊತ್ತಿರಲಿಲ್ಲ.

ಇತಿಹಾಸ ಸಾಕು, ಈಗ ನನಗೆ ನಿಜವಾಗಿ ಹೇಳ್ಬೇಕಾದ್ದು. ಇಗರ್ಜಿ ಅಂದ್ರೆ ನಮಗೆ ಪೂಜೆಯ ಜಾಗ ಆಗಿರಲಿಲ್ಲ, ಆದ್ರೆ ಪಂಚಾಯತ್ ಆಫೀಸಿನ ಹಾಗೆ, ಪೋಸ್ಟ್ ಆಫೀಸಿನ ಹಾಗೆ ಅದೂ ಊರಿನದ್ದೇ ಒಂದು ಸಂಸ್ಥೆ ಆಗಿತ್ತು. ಸಂಜೆಯ ಆಮೊರಿ, ಅಂದ್ರೆ ಪ್ರಾರ್ಥನೆಯ ಗಂಟೆ ಆದ್ರೆ ಗದ್ದೆಯಲ್ಲಿ ನೇಜಿ ನೆಡುವವರು ಸೊಂಟ ನೆಟ್ಟಗೆ ಮಾಡ್ತಿದ್ರು, ನನ್ನ ಅಜ್ಜಿ ದೀಪ ಹಚ್ಚಲಿಕ್ಕೆ ಎಣ್ಣೆ ತೆಗೀತಿದ್ರು, ಆಟ ಆಡ್ತಿದ್ದ ನಾವು ಓಡ್ತಿದ್ವಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಬಾಯಮ್ಮ ಪಾಯಸ ಕಳಿಸ್ತಿದ್ರು, ಹೊಸ ತೆನೆ ಅವರಲ್ಲಿ ಇಗರ್ಜಿಯಿಂದ ಬರ್ತದೆ, ಅದೇ ಹೊತ್ತಿಗೆ ನಮ್ಮಲ್ಲಿ ಹೊಸ ಅಕ್ಕಿ ಊಟ, ಪುದ್ವಾರ್, ನಾವು ಕಳಿಸುವ ಪಾತ್ರೆಯೂ ಅದೇ, ಖಾಲಿ ಪಾತ್ರೆ ವಾಪಸ್ ಕೊಡ್ಬಾರ್ದು ಅಂತ ಅಜ್ಜಿಯ ಕಟ್ಟುನಿಟ್ಟು. ಗದ್ದೆಯ ಬೆಳೆ ಒಂದೇ ಆದ್ಮೇಲೆ ಹಬ್ಬ ಎರಡಾದ್ರೂ ತಿಂಗಳು ಒಂದೇ ಅಲ್ವಾ.

ಒಂದು ಘಟನೆ ಹೇಳ್ತೇನೆ. ಬಾಯಮ್ಮನ ಗಂಡ, ನಾವೆಲ್ಲ ಪೊರ್ಬುಲು ಅಂತಲೇ ಕರೀತಿದ್ದದ್ದು, ಅವರಿಗೆ ಪಿಂಚಣಿ ಕಾಗದಕ್ಕೆ ಹುಟ್ಟಿದ ದಿನದ ದಾಖಲೆ ಬೇಕಾಯ್ತು. ಒಂದು ಆಫೀಸಿಗೆ ಹೋದ್ರೆ ಇನ್ನೊಂದಕ್ಕೆ ಹೋಗಿ ಅಂದ್ರು, ಅಲ್ಲಿ ಅಷ್ಟು ಹಳೇದು ಇಲ್ಲ ಅಂದ್ರು. ನಾನೇ ಬೈಕಲ್ಲಿ ಕೂರಿಸ್ಕೊಂಡು ಮೂರು ದಿನ ಅಲೆದೆ. ಕೊನೆಗೆ ಇಗರ್ಜಿ ಆಫೀಸಿಗೆ ಹೋದ್ವಿ. ಉದ್ದದ ದಪ್ಪ ಪುಸ್ತಕ, ಅಂಚು ಹುಡಿಯಾಗಿತ್ತು, ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು, ಹತ್ತು ನಿಮಿಷದಲ್ಲಿ ಸಿಕ್ತು, ಮಗುವಿನ ಹೆಸರು, ಹುಟ್ಟಿದ ದಿನ, ಜ್ಞಾನಸ್ನಾನ ಆದ ದಿನ, ಅಪ್ಪ ಅಮ್ಮ, ಗಾಡ್‌ಫಾದರ್ ಗಾಡ್‌ಮದರ್. ಪೊರ್ಬುಲು ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ನಿಂತಿದ್ರು, ಅವರ ಅಮ್ಮನ ಹೆಸರು ಬರವಣಿಗೆಯಲ್ಲಿ ಅವರು ನೋಡಿದ್ದು ಅದೇ ಮೊದಲು ಅಂತೆ.

ನನಗೆ ಆ ದಿನ ನನ್ನ ಅಜ್ಜಿಯದ್ದೇ ನೆನಪಾದದ್ದು. ಅಜ್ಜಿ ಯಾವಾಗ ಹುಟ್ಟಿದ್ದು ಅಂದ್ರೆ "ದೊಡ್ಡ ಬೊಳ್ಳ ಬಂದು ಎರಡು ವರ್ಷಕ್ಕೆ" ಅಂತ ಹೇಳ್ತಿದ್ರು, ಬೊಳ್ಳ ಅಂದ್ರೆ ನೆರೆ, ಅಷ್ಟೇ. ನನ್ನ ಅಪ್ಪನಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದು ಮುಗಿಸಿದ್ರು, ಆ ಕಾಲದ ಅರ್ಧ ಕ್ಲಾಸಿಗೆ ಹುಟ್ಟುಹಬ್ಬ ಜೂನ್ 1. ಬಡ ಒಕ್ಕಲಿನ ಮನೆಯ ಒಂದು ಹೆಣ್ಣಿನ ಹೆಸರನ್ನ ಯಾರೋ ಒಬ್ಬರು ಕೂತು ಅಕ್ಷರದಲ್ಲಿ ಬರೆದು, ಮಳೆಯಿಂದ ಗೆದ್ದಲಿನಿಂದ ಕಾಪಾಡಿ ಇಟ್ಟಿದ್ದಾರೆ ಅಂದ್ರೆ ಅದು ಸಣ್ಣ ಕೆಲಸ ಅಲ್ಲ. ನನ್ನ ಪ್ರಕಾರ ಇಡೀ ಕಟ್ಟಡಕ್ಕಿಂತ ಆ ಪುಸ್ತಕವೇ ದೊಡ್ಡದು.

ಇನ್ನು ಶಾಲೆ ಕಾಲೇಜು. ಮಿಲಾಗ್ರಿಸ್ ಕಾಲೇಜು ಶುರುವಾದದ್ದು 1967ರಲ್ಲಿ. ಅದಕ್ಕೆ ಮೊದಲು ಮುಂದೆ ಓದ್ಬೇಕಾದ್ರೆ ಉಡುಪಿಗೆ ಹೋಗ್ಬೇಕು, 1949ರ ಎಂಜಿಎಂ ಕಾಲೇಜಿಗೆ. ಗಂಡು ಮಕ್ಕಳು ಹೋದ್ರು, ಹೆಣ್ಣು ಮಕ್ಕಳನ್ನ ಅಷ್ಟು ದೂರ ಬಸ್ಸಲ್ಲಿ ಕಳಿಸುವವರು ಕಮ್ಮಿ. ಊರೊಳಗೇ ಕಾಲೇಜು ಬಂದ ಮೇಲೆ ಕೆಮ್ಮಣ್ಣು, ಹೂಡೆ, ತೋನ್ಸೆ ಕಡೆಯ ಹುಡುಗಿಯರು, ಬ್ಯಾರಿ, ಮೊಗವೀರ, ಬಿಲ್ಲವ, ಬಂಟ, ಕೊಂಕಣಿ ಅಂತ ಇಲ್ಲದೆ ಒಂದೇ ಬೆಂಚಲ್ಲಿ ಕೂತ್ರು. ನನ್ನ ದೊಡ್ಡಮ್ಮ ನಮ್ಮ ಮನೆಯ ಮೊದಲ ಡಿಗ್ರಿ. ಕಾಲೇಜು ಉಡುಪಿಯಲ್ಲೇ ಇದ್ದಿದ್ರೆ ನನ್ನನ್ನ ಮದುವೆ ಮಾಡಿ ಕಳಿಸ್ತಿದ್ರು ಅಂತ ಅವರೇ ಹೇಳ್ತಾರೆ.

ಉಡುಪಿಯ ಎಂಜಿಎಂ ಕಟ್ಟಿದ ಡಾ. ಟಿ.ಎಂ.ಎ. ಪೈ ಹುಟ್ಟಿದ್ದೂ ನಮ್ಮ ಕಲ್ಯಾಣಪುರದಲ್ಲೇ, 1898ರಲ್ಲಿ. ಹೆಸರಿನ ಆ ಟಿ ಅಂದ್ರೆ ತೋನ್ಸೆ. ಅಣ್ಣ ಉಪೇಂದ್ರ ಪೈ, ವಾಮನ ಕುಡ್ವರ ಜೊತೆ ಸೇರಿ 1925ರಲ್ಲಿ 8000 ರೂಪಾಯಿ ಬಂಡವಾಳದಲ್ಲಿ ಬ್ಯಾಂಕು ಶುರು ಮಾಡಿದ್ರು, ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಪಿಗ್ಮಿ ಅನ್ನುವ ಉಳಿತಾಯ ಯೋಜನೆ ತಂದ್ರು, ದಿನಕ್ಕೆ ಎರಡಾಣೆ ಆದ್ರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ತಗೊಂಡು ಹೋಗ್ತಾರೆ. 1953ರಲ್ಲಿ ಮಣಿಪಾಲದ ಕೆಎಂಸಿ, ಅಂದ್ರೆ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಮಣಿಪಾಲ ಜಗತ್ತಿಗೆ ಗೊತ್ತು, ಕಲ್ಯಾಣಪುರ ಗೊತ್ತಿಲ್ಲ, ಅದು ನನಗೆ ಯಾವಾಗಲೂ ಬೇಜಾರು. ನಮ್ಮ ಅಜ್ಜಿ ಬೀಡಿ ಕಟ್ಟಿ ಪಿಗ್ಮಿಗೆ ಹಾಕ್ತಿದ್ರು, ಆ ದುಡ್ಡಲ್ಲೇ ದೊಡ್ಡಮ್ಮನ ಕಾಲೇಜ್ ಫೀಸ್. ಪೇಟೆಯ ವೆಂಕಟರಮಣ ದೇವಸ್ಥಾನದ ತೇರಿಗೆ ಬಲೂನ್ ಕೊಡಿಸಿದ್ದೂ ಅದೇ ದುಡ್ಡಲ್ಲಿ ಇರ್ಬೇಕು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಲ್ಲಿ ಸೇರಿ ಬೋರ್ಡು ಬದಲಾದ ದಿನ ಅಜ್ಜಿ ಇದ್ದಿದ್ರೆ ಎಂತ ಹೇಳ್ತಿದ್ರೋ.

2012ರಲ್ಲಿ ಮಂಗಳೂರಿನಿಂದ ಬೇರೆ ಆಗಿ ಉಡುಪಿ ಧರ್ಮಪ್ರಾಂತ್ಯ ಆಯ್ತು, ಜೆರಾಲ್ಡ್ ಐಸಾಕ್ ಲೋಬೊ ಮೊದಲ ಬಿಷಪ್, ನಮ್ಮ ಮಿಲಾಗ್ರಿಸ್ ಕೆಥೆಡ್ರಲ್, ಅಂದ್ರೆ ಬಿಷಪರ ಮುಖ್ಯ ಇಗರ್ಜಿ ಆಯ್ತು. ಆ ದಿನ ಊರಿಡೀ ಬಂಟಿಂಗ್ಸ್. ನಾವು ಮಾತ್ರ ಈಗಲೂ ಇಗರ್ಜಿ ಅಂತಲೇ ಹೇಳುವುದು, ಬಾಯಿಗೆ ಅದೇ ಬರ್ತದೆ.

ತಂಗಿ ಮಗನಿಗೆ ಇದೆಲ್ಲ ಎರಡು ದಿನ ಕಂತಿನ ಮೇಲೆ ಹೇಳಿದೆ. ಎಲ್ಲ ಕೇಳಿ ಅವನು ಮೊಬೈಲಲ್ಲಿ ಲೆಕ್ಕ ಹಾಕಿ, "ಮಾವ, 2028ಕ್ಕೆ 350 ಆಗ್ತದೆ" ಅಂದ. ನನಗೆ ಅದು ಹೊಳೆದೇ ಇರಲಿಲ್ಲ. ಈಗ ಅವನೇ ಹಳೇ ಫೋಟೋ ಹುಡುಕ್ತಾ ಇದ್ದಾನೆ, ಹಳೇ ದೋಣಿ ಕಡವು, ಶಾಲೆಯ ಹಂಚಿನ ಕಟ್ಟಡ, ಪೇಟೆಯ ಅಂಗಡಿ, ಇಗರ್ಜಿಯ ಮುನ್ನೂರನೇ ವರ್ಷದ ಆಸುಪಾಸಿನದ್ದು ಯಾವುದಿದ್ದರೂ ಆಗ್ತದೆ, ನಿಮ್ಮ ಮನೆಯ ಟ್ರಂಕಲ್ಲಿ ಇದ್ರೆ ದಯವಿಟ್ಟು ಒಂದು ಫೋಟೋ ತೆಗೆದು ಕಳಿಸಿ. ಮೊದಲ ಫೋಟೋ ಬಾಯಮ್ಮನೇ ಕೊಟ್ರು. ಇಗರ್ಜಿ ಮೆಟ್ಟಿಲ ಮೇಲೆ ಅವರು, ಪೊರ್ಬುಲು, ಪಕ್ಕದಲ್ಲಿ ತಲೆಗೆ ಮಲ್ಲಿಗೆ ಮುಡಿದ ನನ್ನ ಅಜ್ಜಿ. ಹಿಂದುಗಡೆ ಪೆನ್ಸಿಲಲ್ಲಿ ಪೊರ್ಬುಲು ಮೂರು ಜನರ ಹೆಸರೂ ಬರೆದಿಟ್ಟಿದ್ದಾರೆ. ಸ್ಕ್ಯಾನ್ ಮಾಡಿ ಆದಿತ್ಯವಾರದೊಳಗೆ ವಾಪಸ್ ಕೊಡ್ಬೇಕು ಅಂತ ಹೇಳಿ, ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಹುಡುಗನ ಕೈಗೆ ಕೊಟ್ರು.